ಹಳೆ ಮೊಬೈಲ್ ಹೋಮ್, ಅಲ್ಯೂಮಿನಿಯಂ ವೈರು: ತೇಪೆ ಸಾಕಾ, ಪೂರ್ತಿ ಬದಲಿಸಬೇಕಾ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಸನ್ನಿವೇಲ್ ಕಡೆ ಮನೆ ಕೊಳ್ಳುವ ಮಾತು ಬಂದರೆ ನಮ್ಮವರು ಮೊದಲು ಒಂದು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಯಾರಾದರೊಬ್ಬರು ಮೆಲ್ಲಗೆ, "ಮೊಬೈಲ್ ಹೋಮ್ ನೋಡಿದ್ರಾ?" ಅಂತ ಕೇಳುತ್ತಾರೆ. ಸ್ಯಾನ್ ಹೋಸೆ ಒಂದರಲ್ಲೇ 50ಕ್ಕೂ ಹೆಚ್ಚು ಮೊಬೈಲ್ ಹೋಮ್ ಪಾರ್ಕ್‌ಗಳಿವೆ. ಹೆಸರಿಗೆ ಮೊಬೈಲ್, ಓಡಾಡುವುದೇನಿಲ್ಲ. ಕಾರ್ಖಾನೆಯಲ್ಲಿ ಕಬ್ಬಿಣದ ಚಾಸಿ ಮೇಲೆ ಕಟ್ಟಿ, ಲಾರಿಗೆ ಕಟ್ಟಿ ಎಳೆತಂದು, ಪಾರ್ಕಿನ ಜಾಗದಲ್ಲಿ ಕೂರಿಸಿದ ಮನೆ. ಮನೆ ನಮ್ಮದು, ಕೆಳಗಿನ ನೆಲ ಪಾರ್ಕಿನವರದು, ನೆಲಕ್ಕೆ ತಿಂಗಳು ತಿಂಗಳು ಬಾಡಿಗೆ.

ನಾವು ಕೊಂಡದ್ದು 1971ರದ್ದು. ಡಬಲ್ ವೈಡ್, ಅಂದರೆ ಎರಡು ಅರ್ಧ ಮನೆಗಳನ್ನು ತಂದು ನಡುವೆ ಕೂಡಿಸಿದ್ದು. ಬೆಲೆ ನೋಡಿ ಖುಷಿಯಾಗಿದ್ದೆವು. ವೈರಿಂಗ್ ನೋಡಿರಲಿಲ್ಲ.

ಮೊದಲ ಚಳಿಗಾಲದಲ್ಲಿ ಅಮ್ಮ ತಿಪಟೂರಿನಿಂದ ಬಂದರು. ಅವರ ರೂಮಿಗೆ 1500 ವಾಟ್‌ನ ಪುಟ್ಟ ಹೀಟರ್ ಇಟ್ಟಿದ್ದೆ. ಒಂದು ಬೆಳಗ್ಗೆ ಹಾಲ್‌ನ ಕಪಾಟಿನ ಹಿಂದೆ ಬಿದ್ದ ಕನ್ನಡಕ ತೆಗೆಯಲು ಕೈ ಹಾಕಿದವರು ಗಕ್ಕನೆ ಹಿಂದಕ್ಕೆ ಎಳೆದುಕೊಂಡರು. "ಇಲ್ಲಿ ಬಾರೇ, ಈ ಪ್ಲಗ್ಗು ಮುಟ್ಟಿ ನೋಡು. ಏನೂ ಸಿಕ್ಸೇ ಇಲ್ಲ, ಆದ್ರೂ ಕಾವಲಿ ಆದಂಗಾಗಿದೆ." ಕಪಾಟು ಸರಿಸಿ ನೋಡಿದರೆ ದಂತದ ಬಣ್ಣದ ಪ್ಲೇಟಿನ ಮೇಲ್ಭಾಗದಲ್ಲಿ ಅರ್ಧಚಂದ್ರದ ಹಾಗೆ ಕಂದು ಕಲೆ. ಹಸಿ ಮೀನು ಸುಟ್ಟ ಹಾಗೆ ಒಂದು ವಾಸನೆ. ಹೀಟರ್ ಇದ್ದದ್ದು ಪಕ್ಕದ ರೂಮಿನಲ್ಲಿ, ಬಿಸಿಯಾಗಿದ್ದು ಖಾಲಿ ಕೂತಿದ್ದ ಹಾಲ್‌ನ ಔಟ್‌ಲೆಟ್. ಬ್ರೇಕರ್ ಬಿದ್ದಿರಲಿಲ್ಲ.

ಆ ಖಾಲಿ ಔಟ್‌ಲೆಟ್ ಯಾಕೆ ಬಿಸಿಯಾಯಿತು ಅನ್ನುವುದು ಗೊತ್ತಾದರೆ ಯಾವ ರಿಪೇರಿ ಆರಿಸಬೇಕು ಅನ್ನುವುದೂ ಅರ್ಧ ಗೊತ್ತಾದಂತೆ. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ತಪ್ಪು ವೈರಿನಲ್ಲಲ್ಲ, ಜಾಯಿಂಟಿನಲ್ಲಿ

1960ರ ದಶಕದ ನಡುವೆ ತಾಮ್ರದ ಬೆಲೆ ಏರಿತು. ಸುಮಾರು 1965ರಿಂದ 1973ರವರೆಗೆ ಅಮೆರಿಕದಲ್ಲಿ ಲಕ್ಷಗಟ್ಟಲೆ ಮನೆಗಳಿಗೆ ಅಲ್ಯೂಮಿನಿಯಂ ವೈರ್ ಎಳೆದರು. ಆ ಕಾಲದ ಮೊಬೈಲ್ ಹೋಮ್‌ಗಳಲ್ಲೂ ಇದು ಬಹಳ. ಗೋಡೆಯೊಳಗೆ ಮಲಗಿರುವ ವೈರ್ ಸುಮ್ಮನೆ ತನ್ನ ಪಾಡಿಗೆ ಇರುತ್ತದೆ. ತೊಂದರೆ ಕೊಡುವುದು ವೈರು ಸ್ಕ್ರೂಗೆ ಸೇರುವ ಜಾಗ. ಬಿಸಿಯಾದಾಗ ಅಲ್ಯೂಮಿನಿಯಂ ತಾಮ್ರಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ ಹಿಗ್ಗುತ್ತದೆ. ಮೆತ್ತಗಿನ ಲೋಹ, ಸ್ಕ್ರೂ ಒತ್ತಿದ ಕಡೆ ನಿಧಾನಕ್ಕೆ ಜಾರಿಕೊಳ್ಳುತ್ತದೆ. ಗಾಳಿ ತಾಗಿದರೆ ಮೇಲೆ ಒಂದು ಪೊರೆ ಕಟ್ಟುತ್ತದೆ, ಆ ಪೊರೆಯಲ್ಲಿ ಕರೆಂಟು ಹರಿಯುವುದಿಲ್ಲ. ಹಿಗ್ಗಿ, ಕುಗ್ಗಿ, ಸಡಿಲವಾಗಿ, ಪೊರೆ ಕಟ್ಟಿ ಕೊನೆಗೆ ಆಗುವುದು ನಮ್ಮೂರಿನ ಲೈನ್‌ಮನ್ ಬಾಯಲ್ಲಿ ಸದಾ ಇರುವ ಅದೇ ಮಾತು: ಲೂಸ್ ಕಾಂಟ್ಯಾಕ್ಟ್.

ಒಂದು ಸಣ್ಣ ಲೆಕ್ಕ. 1500 ವಾಟ್ ಹೀಟರ್ ಇಲ್ಲಿನ 120 ವೋಲ್ಟ್‌ನಲ್ಲಿ 12.5 ಆಂಪ್ ಎಳೆಯುತ್ತದೆ. ಸಡಿಲ ಜಾಯಿಂಟಿನಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ ಅಲ್ಲಿ ಸುಮಾರು 78 ವಾಟ್ ಶಾಖ ಹುಟ್ಟುತ್ತದೆ. ಸೋಲ್ಡರಿಂಗ್ ಐರನ್ ಒಂದನ್ನು ಮುಷ್ಟಿ ಗಾತ್ರದ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದ ಹಾಗೆ. ಬ್ರೇಕರಿಗೆ ಇದು ಕಾಣುವುದೇ ಇಲ್ಲ, ಯಾಕೆಂದರೆ 15 ಆಂಪ್ ದಾಟಿಲ್ಲವಲ್ಲ. ನಮ್ಮ ದೇಶದ 230 ವೋಲ್ಟ್‌ನಲ್ಲಿ ಅದೇ ಹೀಟರ್ 6.5 ಆಂಪ್ ಎಳೆಯುತ್ತದೆ, ಅದೇ ಜಾಯಿಂಟಿನಲ್ಲಿ 21 ವಾಟ್ ಮಾತ್ರ. "ನಮ್ಮ ತಾತನ ಮನೇಲೂ ಅಲ್ಯೂಮಿನಿಯಂ ವೈರೇ ಇತ್ತು, ಏನಾಯ್ತು?" ಅನ್ನುವವರಿಗೆ ನನ್ನ ಉತ್ತರ ಈ ಲೆಕ್ಕ. ತಾತನ ಮನೆಯಲ್ಲಿ ಇದ್ದದ್ದು ನಾಲ್ಕು ಬಲ್ಬು, ಒಂದು ರೇಡಿಯೋ ಅನ್ನುವುದೂ ಸೇರಿಸಿಕೊಳ್ಳಿ.

ಇನ್ನು ಖಾಲಿ ಔಟ್‌ಲೆಟ್ ವಿಷಯ. ಇಲ್ಲಿ ಔಟ್‌ಲೆಟ್‌ಗಳನ್ನು ಹೂವು ಪೋಣಿಸಿದ ಹಾಗೆ ಒಂದರ ಹಿಂದೊಂದು ಪೋಣಿಸಿರುತ್ತಾರೆ. ಹಾಲ್‌ನ ಔಟ್‌ಲೆಟ್‌ನ ಜಾಯಿಂಟಿನ ಮೂಲಕ ಹಾದೇ ಕರೆಂಟು ಮುಂದಿನ ರೂಮಿಗೆ ಹೋಗುತ್ತದೆ. ಅಮ್ಮನ ಹೀಟರಿನ ಅಷ್ಟೂ ಕರೆಂಟು ಕಪಾಟಿನ ಹಿಂದಿನ ಆ ಸಡಿಲ ಜಾಯಿಂಟು ದಾಟಿಕೊಂಡೇ ಹೋಗುತ್ತಿತ್ತು. ಅಂದರೆ ಬಿಸಿಯಾದ ಒಂದನ್ನು ರಿಪೇರಿ ಮಾಡಿದರೆ ಕೆಲಸ ಮುಗಿಯುವುದಿಲ್ಲ. ಸಾಲಿನಲ್ಲಿರುವ ಪ್ರತಿ ಜಾಯಿಂಟೂ ಲೆಕ್ಕಕ್ಕೆ ಬರುತ್ತದೆ.

1974ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾಂಪ್ಟನ್ ಬೇಸ್‌ನಲ್ಲಿ ಇಂಥದ್ದೇ ಒಂದು ಔಟ್‌ಲೆಟ್ ಜಾಯಿಂಟಿನಿಂದ ಮನೆಗೆ ಬೆಂಕಿ ಬಿದ್ದು ಇಬ್ಬರು ಸತ್ತರು. ಆಮೇಲೆ ಇಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಚಿಕ್ಕದಾಗಿ ಸಿಪಿಎಸ್‌ಸಿ, ಇದರ ಹಿಂದೆ ಬಿತ್ತು. ಅದು ಮಾಡಿಸಿದ ಸಮೀಕ್ಷೆಯ ಪ್ರಕಾರ, 1972ಕ್ಕಿಂತ ಮೊದಲು ತಯಾರಾದ ಅಲ್ಯೂಮಿನಿಯಂ ವೈರ್ ಇರುವ ಮನೆಗಳಲ್ಲಿ ಒಂದಾದರೂ ಔಟ್‌ಲೆಟ್ ಜಾಯಿಂಟು ಬೆಂಕಿಯ ಅಪಾಯದ ಮಟ್ಟಕ್ಕೆ ತಲುಪುವ ಸಾಧ್ಯತೆ ತಾಮ್ರದ ಮನೆಗಿಂತ 55 ಪಟ್ಟು ಜಾಸ್ತಿ. 55 ಪಟ್ಟು ಬೆಂಕಿ ಅಂತ ಇದರ ಅರ್ಥ ಅಲ್ಲ. ಜಾಯಿಂಟು ಕೆಟ್ಟ ಸ್ಥಿತಿ ಮುಟ್ಟುವ ಲೆಕ್ಕ ಅದು. ಅಷ್ಟು ಸಾಕು ನನಗೆ ನಿದ್ದೆ ಕೆಡಲು.

ಮೊಬೈಲ್ ಹೋಮ್‌ನಲ್ಲಿ ಇನ್ನೊಂದು ಕಷ್ಟ. ಒಳಗೋಡೆ ಅಂದರೆ ತೆಳು ಪ್ಲೈವುಡ್ ಹಾಳೆ, ಬೆರಳಲ್ಲಿ ಬಡಿದರೆ ಡಬ್ಬದ ಸದ್ದು. ಹೊತ್ತಿಕೊಂಡರೆ ಬೇಗ ಹಬ್ಬುತ್ತದೆ. ಈ ಮನೆಗಳಿಗೆ ಇಡೀ ದೇಶಕ್ಕೆ ಒಂದೇ ನಿಯಮ ಅಂತ ಜಾರಿಗೆ ಬಂದದ್ದು 1976ರ ಜೂನ್ 15ರಂದು. ಹೊಗೆ ಅಲಾರಂ, ಮಲಗುವ ಕೋಣೆಯಿಂದ ಹಾರಿಕೊಳ್ಳುವಷ್ಟು ದೊಡ್ಡ ಕಿಟಕಿ, ಇವೆಲ್ಲ ಕಡ್ಡಾಯವಾಗಿದ್ದು ಆಗಲೇ. ಅದಕ್ಕೂ ಹಿಂದಿನ ಮನೆಯಾದರೆ ಇವು ಇವೆ ಅಂತ ನಂಬಿ ಕೂರಬೇಡಿ.

ಆರಿಸುವ ಮೊದಲು, ಇವತ್ತೇ ಮಾಡುವ ಕೆಲಸ

ಹೀಟರ್ ತೆಗೆದಿಡಿ. ಬಿಸಿಯಾದ ಔಟ್‌ಲೆಟ್‌ನ ಬ್ರೇಕರ್ ಇಳಿಸಿ, ಎಲೆಕ್ಟ್ರಿಷಿಯನ್ ಬರುವವರೆಗೂ ಎತ್ತಬೇಡಿ. ಪ್ರತಿ ಮಲಗುವ ಕೋಣೆಗೊಂದು, ಆ ಕೋಣೆಗಳ ಹೊರಗೆ ಹಾಲ್‌ನಲ್ಲೊಂದು ಹೊಗೆ ಅಲಾರಂ ಹಾಕಿ. ದೊಡ್ಡ ಖರ್ಚೇನಲ್ಲ.

ಆಮೇಲೆ ಪ್ಯಾನೆಲ್, ಅಂದರೆ ಬ್ರೇಕರ್‌ಗಳಿರುವ ಪೆಟ್ಟಿಗೆ, ನೋಡಿಸಿ. ವೈರಿನ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ, ನಂಬರ್ ಕಡಿಮೆಯಾದಷ್ಟೂ ವೈರು ದಪ್ಪ. 12 ಗೇಜಿನ ಅಲ್ಯೂಮಿನಿಯಂ ವೈರಿಗೆ 15 ಆಂಪ್ ಬ್ರೇಕರ್ ಇರಬೇಕು, 10 ಗೇಜಿಗೆ 20 ಆಂಪ್. ತಾಮ್ರದಲ್ಲಿ 12 ಗೇಜಿಗೆ 20 ನಡೆಯುತ್ತದೆ. ಅದೇ ಲೆಕ್ಕದಲ್ಲಿ ಹಿಂದಿನ ಮಾಲೀಕರು ಪದೇ ಪದೇ ಬೀಳುತ್ತಿದ್ದ 15ನ್ನು ತೆಗೆದು 20 ಹಾಕಿಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಎರಡು ಕಡೆ ಹಾಗಿತ್ತು. ಊರಲ್ಲಿ ಫ್ಯೂಸ್ ಹೋದಾಗ ಕಟೌಟ್‌ಗೆ ದಪ್ಪ ತಂತಿ ಸುತ್ತುತ್ತಿದ್ದರಲ್ಲ, ಅದರ ಅಮೆರಿಕದ ಅವತಾರ. ಪ್ಯಾನೆಲ್ ಮೇಲೆ ಫೆಡರಲ್ ಪೆಸಿಫಿಕ್ ಸ್ಟ್ಯಾಬ್-ಲಾಕ್ ಅಥವಾ ಜಿನ್ಸ್ಕೊ ಅಂತ ಹೆಸರಿದ್ದರೆ, ಕೆಳಗಿನ ದಾರಿಗಳಲ್ಲಿ ಯಾವುದನ್ನೇ ಆರಿಸಿ, ಪ್ಯಾನೆಲ್ ಬದಲಿಸುವ ಖರ್ಚನ್ನೂ ಸೇರಿಸಿಕೊಳ್ಳಿ. ಮನೆ ಇನ್ಸ್‌ಪೆಕ್ಟರ್‌ಗಳು ಈ ಎರಡು ಹೆಸರು ಕಂಡರೆ ಕೆಂಪು ಗೆರೆ ಎಳೆಯುತ್ತಾರೆ.

ಮೂರನೆಯದು ಮೊಬೈಲ್ ಹೋಮ್‌ಗೇ ವಿಶೇಷವಾದದ್ದು. ಇಲ್ಲಿ ಮೇನ್ ಸ್ವಿಚ್ ಇರುವುದು ಮನೆಯೊಳಗಲ್ಲ, ಹೊರಗೆ ಮೊಣಕಾಲೆತ್ತರದ ಪೆಡೆಸ್ಟಲ್‌ನಲ್ಲಿ, ಅಂದರೆ ಪಾರ್ಕಿನವರು ಮನೆ ಪಕ್ಕ ನೆಟ್ಟಿರುವ ಕರೆಂಟಿನ ಕಂಬದಂಥ ಪೆಟ್ಟಿಗೆಯಲ್ಲಿ. ಅಲ್ಲಿಂದ ಮನೆಗೆ ನಾಲ್ಕು ವೈರ್ ಬರಬೇಕು: ಎರಡು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ಥ್. ಮನೆಯೊಳಗಿನ ಪ್ಯಾನೆಲ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಒಂದಕ್ಕೊಂದು ತಾಗಬಾರದು. ಮಾಮೂಲಿ ಮನೆಗಳ ಅಭ್ಯಾಸದಲ್ಲಿ ಯಾರೋ ಎರಡನ್ನೂ ಕೂಡಿಸಿಬಿಟ್ಟಿರುತ್ತಾರೆ. ಆಗ ನ್ಯೂಟ್ರಲ್ ಕಡಿದರೆ ಮನೆಯ ಚಾಸಿಗೆ, ಹೊರಗಿನ ತಗಡಿಗೆ ಕರೆಂಟು ಬರುತ್ತದೆ. ಮಳೆ ಬಂದ ದಿನ ಬಾಗಿಲ ಹಿಡಿ ಮುಟ್ಟಿದರೆ ಜುಮ್ ಅನ್ನುತ್ತಿದೆಯಾ? ಒಂದು ರೂಮಿನ ದೀಪ ಮಂಕಾದಾಗ ಇನ್ನೊಂದು ರೂಮಿನದು ಜಾಸ್ತಿ ಉರಿಯುತ್ತಿದೆಯಾ? ಹಾಗಿದ್ದರೆ ಮುಂದೆ ಓದುವುದು ಆಮೇಲೆ, ಮೊದಲು ಪೆಡೆಸ್ಟಲ್‌ನಲ್ಲಿ ಮೇನ್ ಇಳಿಸಿ ಪಾರ್ಕಿನವರಿಗೂ ಎಲೆಕ್ಟ್ರಿಷಿಯನ್‌ಗೂ ಫೋನ್ ಮಾಡಿ.

ಒಂದನೇ ದಾರಿ: ಔಟ್‌ಲೆಟ್, ಸ್ವಿಚ್ ಮಾತ್ರ ಬದಲಿಸುವುದು

ಅಂಗಡಿಯಲ್ಲಿ ಸಿಒ/ಎಎಲ್ಆರ್ ಅಂತ ಅಚ್ಚಾದ ಔಟ್‌ಲೆಟ್, ಸ್ವಿಚ್‌ಗಳು ಸಿಗುತ್ತವೆ. ಅಲ್ಯೂಮಿನಿಯಂ ವೈರಿಗೆಂದೇ ಮಾಡಿದವು. ಹಳೆಯದನ್ನು ಬಿಚ್ಚಿ ಇದನ್ನು ಹಾಕುವುದು, ಅಷ್ಟೇ. ಮಾಮೂಲಿ ಔಟ್‌ಲೆಟ್‌ಗಿಂತ ದುಬಾರಿ, ಆದರೂ ಎಲ್ಲ ದಾರಿಗಳಲ್ಲಿ ಇದೇ ಅಗ್ಗ.

ನನ್ನ ಅಭಿಪ್ರಾಯ ಕೇಳಿದರೆ, ಇದು ದೊಡ್ಡ ಕೆಲಸಕ್ಕೆ ದುಡ್ಡು ಹೊಂದಿಸುವವರೆಗೆ ಹಾಕುವ ಬ್ಯಾಂಡೇಜು. ಸಿಪಿಎಸ್‌ಸಿ ಕೂಡ ಇದನ್ನು ಪೂರ್ತಿ ರಿಪೇರಿ ಅಂತ ಒಪ್ಪುವುದಿಲ್ಲ. ಸೀಲಿಂಗ್ ದೀಪಕ್ಕೆ, ಒಲೆ ಮೇಲಿನ ಫ್ಯಾನಿಗೆ, ಪೆಟ್ಟಿಗೆಯೊಳಗೆ ವೈರಿಗೆ ವೈರು ಕೂಡಿಸಿದ ಕಡೆಗೆ ಇದರಿಂದ ಏನೂ ಉಪಯೋಗವಿಲ್ಲ. ಆ ಜಾಯಿಂಟುಗಳು ಹಾಗೇ ಉಳಿಯುತ್ತವೆ. ಬಚ್ಚಲು, ಅಡುಗೆಮನೆಗೆ ಬೇಕಾದ ಜಿಎಫ್‌ಸಿಐ, ಅಂದರೆ ಶಾಕ್ ಹೊಡೆಯುವ ಮೊದಲೇ ತಾನಾಗಿ ಕರೆಂಟು ಕಡಿಯುವ ಔಟ್‌ಲೆಟ್‌ಗೂ ಇದು ಪರ್ಯಾಯವಲ್ಲ.

ಕೆಲವು ಮೊಬೈಲ್ ಹೋಮ್‌ಗಳಲ್ಲಂತೂ ಈ ದಾರಿಯೇ ಇಲ್ಲ. ಅಲ್ಲಿ ಔಟ್‌ಲೆಟ್ ಹಿಂದೆ ಪೆಟ್ಟಿಗೆಯೇ ಇರುವುದಿಲ್ಲ. ಔಟ್‌ಲೆಟ್ಟೇ ಒಂದು ಗೂಡು. ವೈರನ್ನು ಅದರೊಳಗೆ ಒತ್ತಿದರೆ ಹಲ್ಲುಗಳು ಪ್ಲಾಸ್ಟಿಕ್ ಸೀಳಿ ವೈರನ್ನು ಕಚ್ಚಿಕೊಳ್ಳುತ್ತವೆ. ಕಾರ್ಖಾನೆಯಲ್ಲಿ ಕ್ಷಣಾರ್ಧದ ಕೆಲಸ. ಪ್ಲೇಟು ಬಿಚ್ಚಿದಾಗ ಎರಡು ಸ್ಕ್ರೂ ಕಾಣುವ ಬದಲು ಇಡೀ ಡಬ್ಬಿ ಗೋಡೆಗೆ ಕಚ್ಚಿಕೊಂಡಂತೆ ಕಂಡರೆ ನಿಮ್ಮದು ಆ ಜಾತಿ. ಅದನ್ನು ಕಿತ್ತು, ಗೋಡೆ ಕೊರೆದು, ಪೆಟ್ಟಿಗೆ ಕೂರಿಸಿಯೇ ಮುಂದಿನ ಮಾತು.

ಎರಡನೇ ದಾರಿ: ತಾಮ್ರದ ಬಾಲ

ಇಲ್ಲಿ ಇದಕ್ಕೆ ಪಿಗ್‌ಟೇಲ್ ಅನ್ನುತ್ತಾರೆ. ಅಲ್ಯೂಮಿನಿಯಂ ವೈರಿನ ತುದಿಗೆ ಗೇಣುದ್ದದ ತಾಮ್ರದ ವೈರ್ ಕೂಡಿಸಿ, ಆ ತಾಮ್ರವನ್ನು ಔಟ್‌ಲೆಟ್‌ಗೆ ಹಾಕುವುದು. ಸಡಿಲಾಗುವ ಸ್ಕ್ರೂ ಹತ್ತಿರ ಅಲ್ಯೂಮಿನಿಯಂ ಇರುವುದೇ ಇಲ್ಲ. ಎಲ್ಲ ನಿಂತಿರುವುದು ಆ ಎರಡು ಲೋಹವನ್ನು ಹೇಗೆ ಕೂಡಿಸುತ್ತೀರಿ ಅನ್ನುವುದರ ಮೇಲೆ. ಮೂರು ಬಗೆ ಇದೆ.

ಕೋಪಲಮ್ ಅನ್ನುವುದು ಭಾರಿ ಒತ್ತಡದ ಯಂತ್ರದಿಂದ ಎರಡೂ ವೈರನ್ನು ಒಂದೇ ಮುದ್ದೆಯಂತೆ ಒತ್ತಿಬಿಡುವ ಪದ್ಧತಿ. ಬಹಳ ಗಟ್ಟಿ. ಆದರೆ ತರಬೇತಿ ಪಡೆದ ಎಲೆಕ್ಟ್ರಿಷಿಯನ್‌ಗೆ ಮಾತ್ರ ಆ ಯಂತ್ರ ಸಿಗುವುದು. ನಮಗೆ ಹತ್ತಿರದಲ್ಲಿ ಒಬ್ಬರೂ ಸಿಗಲಿಲ್ಲ.

ಅಲುಮಿಕಾನ್ ಅನ್ನುವುದು ಚಿಕ್ಕ ಲೋಹದ ತುಂಡು. ಪ್ರತಿ ವೈರಿಗೆ ಬೇರೆ ತೂತು, ಬೇರೆ ಸ್ಕ್ರೂ. ಒಳಗೆ ತಾಮ್ರವೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗುವುದಿಲ್ಲ. ಸಿಪಿಎಸ್‌ಸಿ ಒಪ್ಪುವುದು ಇದನ್ನು ಮತ್ತು ಕೋಪಲಮ್ ಅನ್ನು ಮಾತ್ರ. ಒಂದು ಶರತ್ತು: ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್‌ನಲ್ಲೇ ಬಿಗಿಯಬೇಕು, ಕಂಪನಿ ಹೇಳಿದಷ್ಟೇ. "ಕೈ ಅಂದಾಜು ಸಾಕು" ಅನ್ನುವವರಿಗೆ ನಮಸ್ಕಾರ ಹೇಳಿ ಕಳಿಸಿ.

ಮೂರನೆಯದು ನೇರಳೆ ಬಣ್ಣದ ಟೋಪಿ. ತಿರುಚಿ ಹಾಕುವ ವೈರ್ ನಟ್, ಒಳಗೆ ಒಂದು ಪೇಸ್ಟ್. ಅಗ್ಗ, ಬೇಗ, ಎಲ್ಲ ಅಂಗಡಿಯಲ್ಲೂ ಇದೆ. ಹ್ಯಾಂಡಿಮನ್ ಬಂದರೆ ಜೇಬಿನಲ್ಲಿ ಇದೇ ಇರುತ್ತದೆ. ಸಿಪಿಎಸ್‌ಸಿ ಇದನ್ನು ಶಾಶ್ವತ ರಿಪೇರಿ ಅಂತ ಒಪ್ಪಿಲ್ಲ. ನಾನೂ ಒಪ್ಪುವುದಿಲ್ಲ. ನಮ್ಮ ಹಾಲ್‌ನ ಆ ಸುಟ್ಟ ಔಟ್‌ಲೆಟ್ ಬಿಚ್ಚಿದಾಗ ಹಿಂದೆ ಕೂತಿದ್ದದ್ದು ಇಂಥದ್ದೇ ತಿರುಚುವ ಟೋಪಿ, ಅದೂ ಅಲ್ಯೂಮಿನಿಯಮ್ಮಿಗಲ್ಲದ ಮಾಮೂಲಿ ಹಳದಿಯದು. ಅದರ ಬುಡ ಕರಗಿ ಅಂಟಂಟಾಗಿತ್ತು. ಯಾರೋ ಎಂದೋ "ರಿಪೇರಿ" ಮಾಡಿ ಹೋಗಿದ್ದರು.

ಈ ದಾರಿಯಲ್ಲಿ ಸುಮ್ನೆ ಒಂದು ಎಣಿಕೆ ಮಾಡಿ. ಪೋಣಿಸಿದ ಸಾಲಿನ ನಡುವಿನ ಒಂದು ಔಟ್‌ಲೆಟ್‌ಗೆ ಫೇಸಿಗೊಂದು, ನ್ಯೂಟ್ರಲ್‌ಗೊಂದು, ಅರ್ಥಿಗೊಂದು, ಒಟ್ಟು 3 ಅಲುಮಿಕಾನ್ ಕನೆಕ್ಟರ್. ಒಂದೊಂದರಲ್ಲಿ 3 ಸ್ಕ್ರೂ. ಅಂದರೆ ಔಟ್‌ಲೆಟ್ ಒಂದಕ್ಕೆ 9 ಸ್ಕ್ರೂ. 30 ಔಟ್‌ಲೆಟ್ ಇದ್ದರೆ 270. ಅದರಲ್ಲಿ ಒಂದು ಸಡಿಲವಾದರೂ ಮತ್ತೆ ಕಪಾಟಿನ ಹಿಂದಿನ ಕಥೆ. ಮೊಬೈಲ್ ಹೋಮ್‌ನ ಗೋಡೆ ಬೇರೆ ತೆಳು. ಒಳಗೋಡೆಯ ಕಂಬ ಎಷ್ಟೋ ಕಡೆ ಒಂದೂವರೆಯಿಂದ ಎರಡೂವರೆ ಇಂಚು ಮಾತ್ರ. ಅಷ್ಟು ಆಳವಿಲ್ಲದ ಪೆಟ್ಟಿಗೆಯೊಳಗೆ ಮೂರು ಕನೆಕ್ಟರ್, ಬಿರುಸಾದ ಹಳೆ ವೈರು, ಮೇಲೆ ಜಿಎಫ್‌ಸಿಐ ತುರುಕುವುದೆಂದರೆ ಹೋಳಿಗೆಗೆ ಹೂರಣ ಜಾಸ್ತಿಯಾದ ಹಾಗೆ, ಎಲ್ಲೋ ಒಂದು ಕಡೆ ಹರಿಯುತ್ತದೆ. ಹಳೆ ಅಲ್ಯೂಮಿನಿಯಂ ಪದೇ ಪದೇ ಬಗ್ಗಿಸಿದರೆ ಮುರಿದೇ ಹೋಗಬಹುದು. ದೊಡ್ಡ ಪೆಟ್ಟಿಗೆ ಕೂರಿಸುವ ಖರ್ಚನ್ನು ಕೊಟೇಶನ್‌ನಲ್ಲಿ ಸೇರಿಸಿದ್ದಾರಾ ಅಂತ ಕೇಳಿ.

ಡಬಲ್ ವೈಡ್ ಆದರೆ ಇನ್ನೊಂದು ಪ್ರಶ್ನೆಯೂ ಇದೆ. ಎರಡು ಅರ್ಧಗಳು ಕೂಡುವ ಗೆರೆಯಲ್ಲಿ, ಸಾಮಾನ್ಯವಾಗಿ ನೆಲದಡಿ, ಈ ಕಡೆಯ ವೈರನ್ನು ಆ ಕಡೆಗೆ ದಾಟಿಸಿದ ಜಾಯಿಂಟುಗಳಿರುತ್ತವೆ. ಅರ್ಧ ಮನೆಯ ಕರೆಂಟು ಅಲ್ಲಿ ಹಾಯುತ್ತದೆ. ನಮಗೆ ಕೊಟೇಶನ್ ಕೊಟ್ಟ ಮೂವರಲ್ಲಿ ಇದರ ಬಗ್ಗೆ ತಾವಾಗಿ ಮಾತೆತ್ತಿದವರು ಒಬ್ಬರೇ. ಕೆಲಸವನ್ನು ಅವರಿಗೇ ಕೊಟ್ಟೆವು.

ಮೂರನೇ ದಾರಿ: ಪೂರ್ತಿ ತಾಮ್ರ

ಹಳೆ ವೈರನ್ನು ಎರಡೂ ತುದಿಯಲ್ಲಿ ಕತ್ತರಿಸಿ ಗೋಡೆಯೊಳಗೇ ಸತ್ತಿರಲಿ ಅಂತ ಬಿಟ್ಟು, ಹೊಸದಾಗಿ ತಾಮ್ರ ಎಳೆಯುವುದು. ಕೇಳಿದ ತಕ್ಷಣ ಎಲ್ಲರೂ ಹೆದರುತ್ತಾರೆ, ಮನೆಯೆಲ್ಲ ಒಡೆಯಬೇಕು ಅಂತ. ಮಾಮೂಲಿ ಮನೆಯಲ್ಲಿ ಆ ಭಯ ನಿಜ. ಮೊಬೈಲ್ ಹೋಮ್‌ನಲ್ಲಿ ಅಷ್ಟಿಲ್ಲ, ಇದು ನನಗೂ ಆಶ್ಚರ್ಯ ತಂದ ಸಂಗತಿ. ಮನೆ ನೆಲದಿಂದ ಮೇಲೆ ನಿಂತಿದೆ, ಕೆಳಗೆ ತೆವಳಿಕೊಂಡು ಹೋಗಬಹುದು. ಅಲ್ಲಿಂದ ವೈರ್ ಎಳೆದು, ಗೋಡೆಯ ಬುಡದಲ್ಲಿ ತೂತು ಕೊರೆದು, ಔಟ್‌ಲೆಟ್‌ವರೆಗೆ ಮೇಲಕ್ಕೆ ತೂರಿಸಿದರಾಯಿತು. ಗೋಡೆಯ ಹಾಳೆ ಬಿಚ್ಚಲೇಬೇಕಾದರೂ ಅಂಚಿನ ಪಟ್ಟಿ ತೆಗೆದು, ಮೊಳೆ ಕಿತ್ತು, ಆಮೇಲೆ ಅದೇ ಹಾಳೆ ವಾಪಸ್ ಬಡಿಯಬಹುದು.

ಎಡವುವುದು ಎರಡು ಕಡೆ. ಒಂದು, ನೆಲದಡಿ ತೇವ, ಇಲಿ. ಅಲ್ಲಿ ಬರಿಯ ಕೇಬಲ್ ತೂಗಾಡಿಸಿ ಬಿಡುವಂತಿಲ್ಲ. ಒದ್ದೆ ಜಾಗಕ್ಕೆ ಒಪ್ಪುವ ಕಾಂಡ್ಯೂಟ್ ಪೈಪಿನೊಳಗೆ, ಒದ್ದೆಗೆ ತಡೆಯುವ ವೈರ್ ಹಾಕಬೇಕು. ಇದನ್ನು ಬಿಟ್ಟು ಕೊಟೇಶನ್ ಕೊಟ್ಟವರ ರೇಟು ಚೆನ್ನಾಗಿ ಕಾಣುತ್ತದೆ, ಮೋಸ ಹೋಗಬೇಡಿ. ಎರಡು, ಸೀಲಿಂಗ್. ಈ ಮನೆಗಳಿಗೆ ಅಟ್ಟ ಇಲ್ಲ. ತಗಡಿನ ಸೂರಿಗೂ ಸೀಲಿಂಗಿಗೂ ನಡುವೆ ಕೈ ಹೋಗುವಷ್ಟು ಜಾಗ, ಅದರ ತುಂಬ ಹಳೆ ಇನ್ಸುಲೇಷನ್. ಅಲ್ಲಿ ಹೊಸ ವೈರ್ ಎಳೆಯುವುದು ಬಹಳ ಕಷ್ಟ.

ನಮಗೆ ಬಂದ ಕೊಟೇಶನ್‌ಗಳಲ್ಲಿ ಪೂರ್ತಿ ತಾಮ್ರದ್ದು ಅಲುಮಿಕಾನ್‌ದಕ್ಕಿಂತ ಎರಡು ಪಟ್ಟಿನಷ್ಟಿತ್ತು. ಮೊದಲ ನೋಟಕ್ಕೆ ಜಾಸ್ತಿ ಅನ್ನಿಸಿತು. ಪೆಟ್ಟಿಗೆಗಳನ್ನು ಬದಲಿಸುವ ಖರ್ಚು, ನೆಲದಡಿಯ ಜಾಯಿಂಟುಗಳ ಖರ್ಚು ಸೇರಿಸಿದ ಮೇಲೆ ಅಂತರ ಕರಗಿತು. ತಾಮ್ರ ಹಾಕಿಸಿದರೆ ಸಿಗುವ ಇನ್ನೊಂದು ಲಾಭ ಅಂದರೆ ಸಾಲುಗಳನ್ನು ಹೊಸದಾಗಿ ಹಂಚಿಕೊಳ್ಳಬಹುದು. ನಮ್ಮ ಅಡುಗೆಮನೆಯಲ್ಲಿ ಮೈಕ್ರೋವೇವ್, ಇನ್‌ಸ್ಟಂಟ್ ಪಾಟ್, ಗ್ರೈಂಡರ್ ಮೂರೂ ಒಂದೇ ಬ್ರೇಕರಿನ ಮೇಲೆ ಇದ್ದವು. ದೋಸೆ ಹಿಟ್ಟು ರುಬ್ಬುವಾಗ ಯಾರೂ ಹಾಲು ಬಿಸಿ ಮಾಡುವಂತಿರಲಿಲ್ಲ. ಹಳೆ ವೈರಿಗೆ ಬಾಲ ಕಟ್ಟಿದ್ದರೆ ಆ ಜಗಳ ಹಾಗೇ ಉಳಿಯುತ್ತಿತ್ತು.

ಇಲ್ಲೊಂದು ಎಚ್ಚರಿಕೆ. ಪೆಡೆಸ್ಟಲ್‌ನಿಂದ ಬರುವ ಬೆರಳು ದಪ್ಪದ ಅಲ್ಯೂಮಿನಿಯಂ ಕೇಬಲ್ ತೋರಿಸಿ "ಇದನ್ನೂ ತೆಗೀಬೇಕು" ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ. ದಪ್ಪ ಕೇಬಲ್‌ಗೆ ಇವತ್ತಿಗೂ ಅಲ್ಯೂಮಿನಿಯಂ ಬಳಸುತ್ತಾರೆ. 1972ರ ನಂತರ ಬಂದ ಹೊಸ ಮಿಶ್ರಲೋಹ, ಅದಕ್ಕೆಂದೇ ಮಾಡಿದ ಲಗ್, ಅಂದರೆ ಕೇಬಲ್ ತುದಿ ಬಿಗಿಯುವ ಹಿಡಿಕೆ, ಇದ್ದರೆ ತೊಂದರೆಯಿಲ್ಲ. ತಲೆನೋವು ಇರುವುದು 15, 20 ಆಂಪಿನ ಸಣ್ಣ ಸಾಲುಗಳಲ್ಲಿ. ಮೂರೇ ವೈರ್ ಇದೆ, ಅಥವಾ ಪೆಡೆಸ್ಟಲ್ 50 ಆಂಪಿನಷ್ಟು ಸಣ್ಣದು ಅಂತಾದರೆ ಮಾತು ಬೇರೆ, ಆಗ ಬದಲಿಸಲು ನಿಜವಾದ ಕಾರಣವಿದೆ. ಪೆಡೆಸ್ಟಲ್ ಮಾತ್ರ ಪಾರ್ಕಿನವರ ಸ್ವತ್ತು, ಅದನ್ನು ನಿಮ್ಮ ಬಿಲ್ಲಿಗೆ ಸೇರಿಸಿಕೊಳ್ಳುವ ಮೊದಲು ಅವರ ಆಫೀಸಿಗೆ ಬರೆದು ಕೇಳಿ.

ನಾಲ್ಕನೇ ದಾರಿ: ಮನೆಯನ್ನೇ ಬದಲಿಸುವುದು

ಹಳೆ ಮನೆಯನ್ನು ಕಿತ್ತು ಸಾಗಿಸಿ, ಅದೇ ಜಾಗಕ್ಕೆ ಹೊಸ ಕಾರ್ಖಾನೆ ಮನೆ ತರುವುದು. ದೊಡ್ಡ ದುಡ್ಡು, ಪಾರ್ಕಿನವರ ಒಪ್ಪಿಗೆ ಬೇಕು, ತಿಂಗಳುಗಟ್ಟಲೆ ಬೇರೆ ಕಡೆ ಬಾಡಿಗೆಗೆ ಇರಬೇಕು. ಇಷ್ಟೆಲ್ಲ ಯಾಕೆ ಅನ್ನಿಸುತ್ತದೆ ಅಲ್ವಾ? ಆದರೆ ಬಚ್ಚಲ ಹತ್ತಿರ ನೆಲ ಕಾಲಿಗೆ ಮೆತ್ತಗೆ ಸಿಕ್ಕುತ್ತಿದ್ದರೆ, ಸೂರು ಸೋರುತ್ತಿದ್ದರೆ, ಮೇಲೆ ವೈರಿಂಗೂ ಹೀಗಿದ್ದರೆ, ಕೊಳೆತ ತೊಲೆಗೆ ಹೊಸ ತಾಮ್ರದ ವೈರು ಬಡಿದು ಪ್ರಯೋಜನವಿಲ್ಲ. ಹಳೆಯದನ್ನು ಉಳಿಸಿಕೊಂಡರೂ 1976ರ ಗೆರೆ ಹಿಂದೆಯೇ ಬರುತ್ತದೆ. ಆ ವರ್ಷದ ಜೂನ್ 15ಕ್ಕಿಂತ ಮೊದಲು ಕಟ್ಟಿದ ಮನೆಗೆ ಸರ್ಕಾರ ಖಾತ್ರಿ ನಿಲ್ಲುವ ಎಫ್‌ಎಚ್‌ಎ ಸಾಲ ಸಿಗುವುದಿಲ್ಲ. ವಿಮೆಯವರಲ್ಲಿ ಹಲವರು ಅಲ್ಯೂಮಿನಿಯಂ ಅನ್ನುವ ಪದ ಕೇಳಿದ ಕೂಡಲೇ ಫೋನ್ ಇಡುತ್ತಾರೆ. ಮುಂದೆ ಮಾರುವಾಗ ಕೊಳ್ಳುವವರ ಸಂಖ್ಯೆ ಕಡಿಮೆಯಾಗುವುದು ಇದರಿಂದಲೇ.

ಇನ್ನೂ ಕೊಂಡಿಲ್ಲ, ನೋಡುತ್ತಿದ್ದೀರಿ ಅಂತಾದರೆ ಮನೆಯ ಹಿಂತುದಿಯ ಹೊರಗೋಡೆಯ ಮೇಲೆ ಕೆಂಪು ಲೋಹದ ಪುಟ್ಟ ತಗಡು ಇದೆಯಾ ನೋಡಿ, ಪ್ರತಿ ಅರ್ಧಕ್ಕೂ ಒಂದು. ಇದ್ದರೆ 1976ರ ನಿಯಮದ ಮನೆ.

ಹಾಗಾದರೆ ಯಾವುದು?

ಒಂದು ಎರಡು ವರ್ಷ ಮಾತ್ರ ಇದ್ದು ಬಿಡುವವರಾದರೂ ನಾನು ಒಂದನೇ ದಾರಿಗೆ ಹೂಂ ಅನ್ನುವುದಿಲ್ಲ, ತಿಂಗಳೊಪ್ಪತ್ತಿನ ಮಟ್ಟಿಗೆ ಸರಿ. ಪೆಟ್ಟಿಗೆಗಳು ದೊಡ್ಡದಾಗಿವೆ, ಸಿಂಗಲ್ ವೈಡ್, ಔಟ್‌ಲೆಟ್ ಕಡಿಮೆ, ಅಡುಗೆಮನೆಗೆ ಸಾಕಷ್ಟು ಸಾಲುಗಳಿವೆ ಅಂತಾದರೆ ಅಲುಮಿಕಾನ್ ಒಳ್ಳೆಯದು, ಒಂದನ್ನೂ ಬಿಡದೆ ಮಾಡಿಸಿದರೆ. ಡಬಲ್ ವೈಡ್, ತೆಳು ಪೆಟ್ಟಿಗೆ ಅಥವಾ ಪೆಟ್ಟಿಗೆಯೇ ಇಲ್ಲ, ಚಳಿಗಾಲಕ್ಕೆ ಹೀಟರ್ ಬೇಕೇ ಬೇಕು ಅಂತಾದರೆ ತಾಮ್ರ.

ನಾವು ಮಾಡಿದ್ದು ಕಲಸುಮೇಲೋಗರ. ಔಟ್‌ಲೆಟ್‌ಗಳೆಲ್ಲಕ್ಕೂ ನೆಲದಡಿಯಿಂದ ಹೊಸ ತಾಮ್ರ, ಕೂಡುಗೆರೆಯ ಹಳೆ ಜಾಯಿಂಟುಗಳು ಪೂರ್ತಿ ಖಾಲಿ. ಸೀಲಿಂಗ್ ದೀಪಗಳಿಗೆ ಹಳೆ ಅಲ್ಯೂಮಿನಿಯಂ ಹಾಗೇ ಬಿಟ್ಟು ಅಲುಮಿಕಾನ್ ಬಾಲ. ಎಲ್‌ಇಡಿ ಬಲ್ಬಿಗೆ ಹರಿಯುವ ಕರೆಂಟು ಎಷ್ಟು ಮಹಾ? 10 ವಾಟಿನ ಬಲ್ಬಿಗೆ ಒಂದು ಆಂಪಿನ ಹತ್ತನೇ ಒಂದು ಪಾಲೂ ಇಲ್ಲ. ಜಾಯಿಂಟಿನ ಶಾಖ ಕರೆಂಟಿನ ವರ್ಗಕ್ಕೆ (ಸ್ಕ್ವೇರ್‌ಗೆ) ತಕ್ಕಂತೆ ಏರುವುದರಿಂದ, ದುಡ್ಡು ಸುರಿಯಬೇಕಾದ್ದು ಹೀಟರ್ ಸಿಕ್ಕಿಸುವ ಕಡೆ. ಕೋವಿಯಿಂದ ಗುಬ್ಬಿ ಹೊಡೆಯುವ ಅಗತ್ಯವಿಲ್ಲ.

ಕೆಲಸ ಕೊಡುವಾಗ

ಕ್ಯಾಲಿಫೋರ್ನಿಯಾದಲ್ಲಿ ಮೊಬೈಲ್ ಹೋಮ್‌ನ ಒಳಗಿನ ವೈರಿಂಗಿಗೆ ಪರ್ಮಿಟ್ ಕೊಡುವುದು, ಬಂದು ನೋಡುವುದು ರಾಜ್ಯದ ವಸತಿ ಇಲಾಖೆ. ಸಾಮಾನ್ಯವಾಗಿ ಎಚ್‌ಸಿಡಿ ಅನ್ನುತ್ತಾರೆ. ಸಿಟಿ ಹಾಲ್‌ಗೆ ಹೋಗಿ ಸಾಲಿನಲ್ಲಿ ನಿಂತು ವಾಪಸ್ ಬಂದವರಲ್ಲಿ ನಾನೂ ಒಬ್ಬಳು. ಎಲೆಕ್ಟ್ರಿಷಿಯನ್‌ಗೆ ಈ ವಿಷಯ ಗೊತ್ತಿದೆಯಾ ಅಂತ ಮೊದಲ ಫೋನಿನಲ್ಲೇ ಕೇಳಿ. ಗೊತ್ತಿಲ್ಲದಿದ್ದರೆ ಅವರು ಮೊಬೈಲ್ ಹೋಮ್ ಕೆಲಸ ಮಾಡಿಲ್ಲ ಅಂತ ಅರ್ಥ. ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್‌ಗಳಿಗೆ ರಾಜ್ಯ ಕೊಡುವ ಸಿ-10 ಲೈಸೆನ್ಸ್‌ನ ನಂಬರ್ ಕೇಳಿ, ರಾಜ್ಯದ ಪಟ್ಟಿಯಲ್ಲಿ ನೋಡಿ. ಮುಂಗಡವಾಗಿ ಒಟ್ಟು ಮೊತ್ತದ ಶೇಕಡಾ 10 ಅಥವಾ 1000 ಡಾಲರ್, ಇವೆರಡರಲ್ಲಿ ಕಡಿಮೆ ಯಾವುದೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಇಲ್ಲಿನ ಕಾನೂನು. ಅರ್ಧ ದುಡ್ಡು ಮೊದಲೇ ಕೊಡಿ ಅಂದ ಒಬ್ಬರಿಗೆ ಇದನ್ನು ಹೇಳಿದೆ, ಮತ್ತೆ ಅವರ ಫೋನ್ ಬರಲಿಲ್ಲ.

ಕೆಲಸ ಮುಗಿದ ದಿನ ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದು, ಅಲ್ಯೂಮಿನಿಯಂ ಉಳಿದಿರುವ ಪ್ರತಿ ಪೆಟ್ಟಿಗೆಗೂ ಕೆಂಪು ಚುಕ್ಕೆ ಇಡಿಸಿಕೊಳ್ಳಿ. ನಮ್ಮದರಲ್ಲಿ 9 ಚುಕ್ಕೆ ಇವೆ. ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದ್ದೇನೆ. ಬ್ರೇಕರ್‌ಗಳ ಹೆಸರನ್ನು ಇಂಗ್ಲಿಷಿನಲ್ಲೂ ಬರೆದು ಪಕ್ಕದಲ್ಲಿ ಕನ್ನಡದಲ್ಲೂ ಬರೆದೆ, ಮುಂದಿನ ಸಲ ಅಮ್ಮ ಒಬ್ಬರೇ ಮನೆಯಲ್ಲಿದ್ದಾಗ ಯಾವುದನ್ನು ಇಳಿಸಬೇಕು ಅಂತ ಗೊತ್ತಾಗಲಿ ಅಂತ.